ಹಲಗೆಯ ಮೇಲೆ ಬೋರಮ್ಮನ ಹೆಸರು

೧೯೮೬ ಜೂನ್ ೨೮, ಶನಿವಾರ

ಮೇ ತಿಂಗಳಲ್ಲಿ ಹೆಂಡತಿ ಬೋರಮ್ಮ ತೀರಿಹೋದ ಮೇಲೆ ಈ ಮನೆಯಲ್ಲಿ ನಾನು ಬಾಯಿ ಬಿಡುವುದು ಫೋನು ಬಂದಾಗ ಮಾತ್ರ. ಅದಕ್ಕೇ ಆಫೀಸಿನಲ್ಲಿ ಹೊಸ ವರ್ಷಕ್ಕೆ ಕೊಟ್ಟಿದ್ದ ಡೈರಿಯನ್ನು ಹುಡುಕಿ ತೆಗೆದಿದ್ದೇನೆ. ಅರ್ಧ ವರ್ಷ ಖಾಲಿ ಬಿಟ್ಟು ನಡುವಿನಿಂದ ಶುರು ಮಾಡುವುದು ಸರಿ ಕಾಣುವುದಿಲ್ಲ. ಆದರೆ ಮೇ ತಿಂಗಳಿಗೆ ಮುಂಚಿನದನ್ನು ಈಗ ಕೂತು ಬರೆಯುವ ಶಕ್ತಿ ನನಗಿಲ್ಲ.

ಸಂಜೆ ಕೆರೆಯ ರೆಜ್ ಬಂದಿದ್ದ. ನಮ್ಮ ಎವರ್‌ಗ್ರೀನ್ ಬಡಾವಣೆಯ ಗುಡ್ಡದ ಹಿಂದೆ ಹಣ್ಣಿನ ತೋಟದವರು ಯಾವ ಕಾಲದಲ್ಲೋ ಕಟ್ಟಿದ್ದ ಕೆರೆಯನ್ನು ಕೊಂಡು, ಅದರ ತುಂಬ ಗೆಂಡೆ ಮೀನು ಬಿಟ್ಟುಕೊಂಡಿರುವ ಇಂಗ್ಲೆಂಡಿನವನು. ಬಾಗಿಲಲ್ಲಿ ದುಡ್ಡು ಕೊಟ್ಟು ಒಳಗೆ ಹೋಗಿ ಗಾಳ ಹಾಕಬೇಕು, ಹಿಡಿದ ಮೀನನ್ನು ತೂಗಿಸಿ ಮತ್ತೆ ನೀರಿಗೇ ಬಿಡಬೇಕು. ತಿನ್ನುವ ಹಾಗಿಲ್ಲ. ಇದೆಂಥ ಹುಚ್ಚು ಎಂದು ನಾನು ಮೊದಲ ದಿನವೇ ಹೇಳಿದ್ದೆ. ಈ ದೇಶದವರಿಗೆ ಗೆಂಡೆ ಎಂದರೆ ಕಸದ ಮೀನು, ರೆಜ್‌ನ ಊರಿನಲ್ಲಿ ಅದಕ್ಕೇ ಪಂದ್ಯ ಕಟ್ಟುತ್ತಾರಂತೆ. ಇಲ್ಲೂ ಶನಿವಾರ ಬಿಟ್ಟು ಶನಿವಾರ ಪಂದ್ಯ. ಬೋರಮ್ಮ ಒಂದನ್ನೂ ತಪ್ಪಿಸಿದವಳಲ್ಲ. ಕಾವೇರಿ ದಂಡೆಯಲ್ಲಿ ಅಣ್ಣತಮ್ಮಂದಿರ ಜೊತೆ ಗಾಳ ಹಾಕಿ ಬೆಳೆದವಳು. ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ಟು ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ಕೂತರೆ ಊಟ ತಿಂಡಿಯ ಪರಿವೆಯೂ ಇರುತ್ತಿರಲಿಲ್ಲ. ನಾನು ಕಾರಿನಲ್ಲಿ ಕೂತು ಪೇಪರು ಓದುತ್ತಿದ್ದೆ.

ರೆಜ್ ಟೋಪಿಯನ್ನು ಕೈಯಲ್ಲಿ ಹಿಡಿದು ಸೋಫಾದ ತುದಿಯಲ್ಲಿ ಕೂತ. ಈ ಸೀಸನ್ನಿನಲ್ಲಿ ಬೋರಾ ಇನ್ನೂ ಮೊದಲನೆಯವಳು ಎಂದ. ಬೋರಮ್ಮ ಅವರ ಬಾಯಲ್ಲಿ ಬೋರಾ. ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ ಯಾರು ಹಿಡಿದ ಮೀನಿನ ಒಟ್ಟು ತೂಕ ಹೆಚ್ಚೋ ಅವರ ಹೆಸರನ್ನು ಕೆರೆಯ ಶೆಡ್ಡಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ. ಆ ಹಲಗೆಯನ್ನು ನಾನೂ ನೋಡಿದ್ದೇನೆ, ವರ್ಷಕ್ಕೊಂದು ಹೆಸರು. ಯಾರಾದರೂ ಬರಲಾಗದಿದ್ದರೆ ಅವರ ಮನೆಯವರು ಬದಲಿಗೆ ಕೂರಬಹುದು, ತೂಕ ಅವರ ಲೆಕ್ಕಕ್ಕೇ ಸೇರುತ್ತದೆ ಎಂದು ನಿಯಮವಿದೆಯಂತೆ. ಉಳಿದವರನ್ನೆಲ್ಲ ಕೇಳಿದ್ದೇನೆ, ಯಾರೂ ಬೇಡವೆನ್ನಲಿಲ್ಲ, ನೀವು ಬಂದು ಕೂರಿ ಎಂದ.

ಹುಳ ಮುಟ್ಟಿದರೆ ನನಗೆ ಮೈ ಜುಮ್ಮೆನ್ನುತ್ತದೆ ಎಂದೆ. ಅವನು ನಗಲಿಲ್ಲ. ಅವಳು ಶೆಡ್ಡಿನಲ್ಲಿ ಬಿಟ್ಟಿದ್ದ ಗಾಳದ ಕೋಲುಗಳನ್ನು ಬಾಗಿಲ ಪಕ್ಕ ಒರಗಿಸಿ ಹೋದ.

ಜೂನ್ ೩೦, ಸೋಮವಾರ

ಆಫೀಸಿನಲ್ಲಿ ನಕ್ಷೆ ಎಳೆಯುತ್ತ ದಿನವೆಲ್ಲ ಇದನ್ನೇ ಯೋಚಿಸಿದೆ. ಅವಳ ಅಸ್ಥಿ ಅವಳ ತಮ್ಮ ಹನುಮಂತರಾಜುವಿನ ಕೈಯಲ್ಲಿ ಊರಿಗೆ ಹೋಗಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿದ್ದಿದೆ. ಅದು ಸರಿಯೇ. ಆದರೆ ಇಷ್ಟು ವರ್ಷ ಬದುಕಿದ ಈ ಊರಿನಲ್ಲಿ ಅವಳು ಇದ್ದಳು ಎನ್ನುವುದಕ್ಕೆ ಒಂದು ಕಲ್ಲಿಲ್ಲ, ಗೋಡೆಯ ಮೇಲೆ ಒಂದು ಗೀಟಿಲ್ಲ. ಮೇಲ್‌ಬಾಕ್ಸಿನ ಮೇಲಿರುವುದೂ ನನ್ನ ಹೆಸರೇ. ಆ ಹಲಗೆ ಒಂದೇ ಉಳಿದಿರುವುದು.

ಹೋಗುತ್ತೇನೆ.

ಜುಲೈ ೧೨, ಶನಿವಾರ

ಮಾನ ಹೋಯಿತು.

ಬೆಳಿಗ್ಗೆ ಎಲ್ಲರೂ ಒಂದು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿ ಚೀಟಿ ಎತ್ತಬೇಕು. ಚೀಟಿಯಲ್ಲಿ ಯಾವ ನಂಬರು ಬರುತ್ತದೋ ದಂಡೆಯಲ್ಲಿ ಆ ನಂಬರಿನ ಗೂಟದ ಬಳಿ ಕೂರಬೇಕು. ಜಾಗ ಬದಲಾಯಿಸುವಂತಿಲ್ಲ. ರೆಜ್ ಸೀಟಿ ಊದಿದ ಮೇಲೆ ಗಾಳ ನೀರಿಗೆ, ಮತ್ತೆ ಸೀಟಿ ಊದಿದಾಗ ಹೊರಗೆ. ಹಿಡಿದದ್ದನ್ನು ನೀರಿನಲ್ಲೇ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಹಾಕಿಟ್ಟುಕೊಳ್ಳಬೇಕು. ಕೊನೆಗೆ ಅವನು ತಕ್ಕಡಿ ತರುತ್ತಾನೆ.

ನನ್ನ ಗಾಳ ಮೊದಲ ಸಲ ಹಿಂದಿನ ಗಿಡಕ್ಕೆ ಸಿಕ್ಕಿತು. ಎರಡನೆಯ ಸಲ ನನ್ನ ಜಾಕೆಟ್ಟಿಗೆ. ಆಮೇಲೆ ಬೆಂಡು ನೀರಿನ ಮೇಲೆ ನಿಂತಿತು. ಅದನ್ನೇ ನೋಡುತ್ತ ಕೂತೆ. ಬೆಂಡು ಮುಳುಗಿದಾಗ ನನ್ನ ಮನಸ್ಸು ಎಲ್ಲೋ ಇತ್ತು. ಪಕ್ಕದ ಗೂಟದ ಕಾರ್ವಾಲ್ಯೊ ಎದ್ದು ಬಂದು, ಗಂಟಾಗಿದ್ದ ತಂಗೂಸಿ ದಾರವನ್ನು ಮಾತಿಲ್ಲದೆ ಬಿಡಿಸಿಕೊಟ್ಟ. ಹಣ್ಣಿನ ಡಬ್ಬಿ ತುಂಬುವ ಕಾರ್ಖಾನೆಯಿಂದ ರಿಟೈರ್ ಆದ ಪೋರ್ಚುಗೀಸ್ ಮನುಷ್ಯ, ಒಟ್ಟು ತೂಕದಲ್ಲಿ ಬೋರಮ್ಮನ ಹಿಂದೆಯೇ ಇರುವವನು. ಅಂದರೆ ನಾನು ಸೋಲಿಸಬೇಕಾದವನು. ಅವನಿಗೆ ಥ್ಯಾಂಕ್ಸ್ ಹೇಳುವಾಗ ಸಿಟ್ಟೂ ಬಂತು.

ಇಡೀ ದಿನಕ್ಕೆ ನನ್ನ ಚೀಲದಲ್ಲಿ ಒಂದು ಮರಿ. ರೆಜ್ ಅದನ್ನೂ ಮರ್ಯಾದೆಯಿಂದ ತೂಗಿ, ಬೋರಾ ಎಂದು ಹೇಳಿ ಬರೆದುಕೊಂಡ.

ಜುಲೈ ೧೫, ಮಂಗಳವಾರ

ಎಲ್ಲರೂ ಕೇಳುವುದು ಒಂದೇ, ಬೋರಾಳ ಚಾಕೊಲೇಟು ಎಲ್ಲಿ ಎಂದು. ಅವಳು ಗಾಳಕ್ಕೆ ಹುಳ ಸಿಗಿಸಿದವಳೇ ಅಲ್ಲ. ರಾಗಿ ಮುದ್ದೆ. ಸೋಂಪಿನ ಪುಡಿ ಹಾಕಿ ಗಟ್ಟಿಯಾಗಿ ತೊಳಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದಳು. ಬಣ್ಣ ನೋಡಿ ಇವರು ಚಾಕೊಲೇಟು ಅಂದುಕೊಂಡಿದ್ದರು, ಅವಳೂ ಹೂಂ ಅಂದಿದ್ದಳು.

ಊರಿನಿಂದ ಬಂದ ಹಿಟ್ಟು ಡಬ್ಬಿಯಲ್ಲಿದೆ. ಮಾಡುವುದು ಹೇಗೆಂದು ಗೊತ್ತಿಲ್ಲ. ಮಂಡ್ಯದಲ್ಲಿ ನಂಜಮ್ಮಕ್ಕನ ಪಕ್ಕದ ಮನೆಗೆ ಫೋನು ಮಾಡಿ ಅವಳನ್ನು ಕರೆಸಿದೆ. ಮೀನಿಗೆ ಎಂದು ಹೇಳಲು ನಾಚಿಕೆಯಾಗಿ ನನಗೇ ಎಂದೆ. ಅಕ್ಕ ಅತ್ತಳು. ಅತ್ತು ಮುಗಿದ ಮೇಲೆ ಹೇಳಿಕೊಟ್ಟಳು.

"ಎಸರು ಚೆಂದಾಗಿ ಮಳ್ಳಿದ ಮ್ಯಾಕೆ ಹಿಟ್ಟು ಸುರುದ್ಬುಡು. ಕೈ ಆಡಿಸ್ಬ್ಯಾಡ ಕಣ್ಲಾ, ಅದು ಬೇಯೋಗಂಟ ಸುಮ್ಕಿರು. ನೀನು ಯಾವತ್ತು ಸುಮ್ಕಿದ್ದಯ್ಯಾ."

ಗಂಟುಗಂಟಾಯಿತು. ಎರಡನೆಯ ಸಲವೂ ಗಂಟು, ಆದರೆ ಸಣ್ಣವು. ಗಾಳಕ್ಕೆ ಎಷ್ಟು ಬೇಕೋ ಅಷ್ಟನ್ನು ಎತ್ತಿಟ್ಟೆ. ಮಿಕ್ಕದ್ದನ್ನು ಎಸೆಯಲು ಮನಸ್ಸಾಗದೆ ಉಪ್ಪಿನಕಾಯಿ ನಂಚಿಕೊಂಡು ನುಂಗಿದೆ.

ಜುಲೈ ೨೬, ಶನಿವಾರ

ಮುದ್ದೆ ಗಾಳದಿಂದ ಉದುರಲಿಲ್ಲ. ಮೂರು ಗೆಂಡೆ. ಮೂರನೆಯದು ಎಳೆದ ಎಳೆತಕ್ಕೆ ಕುರ್ಚಿ ಉರುಳಿತು. ಕೈಬಲೆಯಲ್ಲಿ ಎತ್ತಿದಾಗ ಚಿನ್ನದ ಬಣ್ಣದ ಹೊರೆಯೊಂದು ಉಸಿರಾಡುತ್ತ ನನ್ನನ್ನೇ ನೋಡಿತು. ಈ ಹೆಂಗಸು ಯಾಕೆ ಊಟ ಬಿಟ್ಟು ಕೂರುತ್ತಿದ್ದಳು ಎಂದು ಚೂರು ತಿಳಿಯಿತು.

ಕಾರ್ವಾಲ್ಯೊ ನನಗಿಂತ ಬಹಳ ಹೆಚ್ಚು ಹಿಡಿದ.

ಆಗಸ್ಟ್ ೩, ಭಾನುವಾರ

ಮಗಳು ಜಯಂತಿ ವಾಲ್ನಟ್ ಕ್ರೀಕ್‌ನಿಂದ ಬಂದಿದ್ದಳು. ಅಲ್ಲಿ ಅವಳ ಅಪಾರ್ಟ್‌ಮೆಂಟಿನ ಕಟ್ಟಡದಲ್ಲೇ ಇನ್ನೊಂದು ಮನೆ ಖಾಲಿಯಿದೆಯಂತೆ, ಈ ಮನೆ ಮಾರಿ ನಾನು ಅಲ್ಲಿಗೆ ಹೋಗಬೇಕಂತೆ. ಫ್ರಿಜ್ಜು ತೆಗೆದು ನೋಡಿದಳು. ಬಟ್ಟೆಯಲ್ಲಿ ಸುತ್ತಿಟ್ಟ ಮುದ್ದೆ ಬಿಟ್ಟರೆ ಅರ್ಧ ಡಬ್ಬಿ ಮೊಸರು.

"ಅಪ್ಪ, ಯು ಕುಕ್ ಫಾರ್ ದ ಫಿಶ್. ಯು ಡೋಂಟ್ ಕುಕ್ ಫಾರ್ ಯುವರ್‌ಸೆಲ್ಫ್," ಎಂದಳು.

ಹಲಗೆಯ ವಿಷಯ ಹೇಳಿದೆ. ಅವಳು ಕೇಳಿಸಿಕೊಂಡಳು. ಅಮ್ಮನಿಗೆ ಹಲಗೆ ಬೇಕಿತ್ತು ಅಂತ ನಿಮಗೆ ಹೇಗೆ ಗೊತ್ತು, ಅವಳು ಖುಷಿಗೆ ಹೋಗುತ್ತಿದ್ದಳು ಅಷ್ಟೇ, ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ರೇಗಿತು. ನಿಮ್ಮಮ್ಮನಿಗೆ ಏನು ಬೇಕಿತ್ತು ಅಂತ ಅವಳ ಕನ್ನಡದಲ್ಲಿ ಒಂದು ಸಲ ಕೇಳಿದ್ದೀಯಾ ಎಂದುಬಿಟ್ಟೆ. ಜಯಂತಿ ಚೀಲ ಎತ್ತಿಕೊಂಡು ಹೋದಳು. ಅವಳ ಕಾರು ಮೂಲೆ ತಿರುಗುವವರೆಗೆ ಬಾಗಿಲಲ್ಲೇ ನಿಂತಿದ್ದೆ, ಕರೆಯಲಿಲ್ಲ. ಆಡಬಾರದ ಮಾತು ಅದು.

ಸಂಜೆ ಸೊಪ್ಪಿನ ಸಾರು ಮಾಡಿದೆ. ಉಪ್ಪು ಜಾಸ್ತಿಯಾಯಿತು.

ಆಗಸ್ಟ್ ೨೩, ಶನಿವಾರ

ಕಾರ್ವಾಲ್ಯೊ ಮುಂದೆ ಹೋದ. ಬೋರಮ್ಮ ಈಗ ಎರಡನೆಯವಳು. ಅವಳು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅವಳು ಗಳಿಸಿದ್ದನ್ನು ನಾನು ಕೂತು ಕಳೆದೆ.

ಬರೆಯಲು ಬೇಜಾರು.

ಸೆಪ್ಟೆಂಬರ್ ೬, ಶನಿವಾರ

ಇವತ್ತು ಪಂದ್ಯದಲ್ಲಿ ನಾನೇ ಮೊದಲು. ಅಂದರೆ ಅವಳೇ.

ಬೆಂಡು ಮುಳುಗುವುದಕ್ಕೆ ಮುಂಚೆ ಒಂದು ನಡುಕ ಬರುತ್ತದೆ. ಅಲ್ಲಿ ಎಳೆಯಬಾರದು. ಅಕ್ಕ ಮುದ್ದೆಗೆ ಹೇಳಿದ್ದೇ ಇದಕ್ಕೂ ಸರಿ, ಸುಮ್ಮನಿರಬೇಕು. ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಹುಲ್ಲು ಬಿಸಿಲಿಗೆ ಕಾದು ಒಣ ವಾಸನೆ ಹೊಡೆಯುತ್ತದೆ, ನೀರಿನ ಮೇಲೆ ಗಾಳಿ ಏಳುತ್ತದೆ, ಗೆಂಡೆಗಳು ಆ ಅಲೆಯ ಕಡೆಗೆ ಬರುತ್ತವೆ. ಇದನ್ನೆಲ್ಲ ಅವಳು ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದಳು, ನಾನು ಟಿವಿ ನೋಡುತ್ತ ಹೂಂಗುಟ್ಟುತ್ತಿದ್ದೆ. ಕಿವಿಗೆ ಬಿದ್ದದ್ದು ಎಲ್ಲೋ ಉಳಿದಿತ್ತು ಎಂದು ಕಾಣುತ್ತದೆ.

ಕಾರ್ವಾಲ್ಯೊ ಕೈ ಕುಲುಕಿದ. ಅವನ ಹೆಂಡತಿ ಮಾಡಿದ ಸಿಹಿ ಬ್ರೆಡ್ಡು ಕೊಟ್ಟ, ನಾನು ಬುತ್ತಿಯ ಮುದ್ದೆ ಕೊಟ್ಟೆ. ಅಗಿಯಬೇಡ, ನುಂಗು ಎಂದು ಹೇಳುವಷ್ಟರಲ್ಲಿ ಅವನು ಅಗಿದಿದ್ದ.

ಸೆಪ್ಟೆಂಬರ್ ೨೦, ಶನಿವಾರ

ಅವಳಿಗೂ ಕಾರ್ವಾಲ್ಯೊಗೂ ಈಗ ಒಂದು ಒಳ್ಳೆಯ ಗೆಂಡೆಯಷ್ಟೇ ಅಂತರ. ಇನ್ನೊಂದೇ ಪಂದ್ಯ, ಅಕ್ಟೋಬರ್ ನಾಲ್ಕಕ್ಕೆ. ಅವನಿಗಿಂತ ಒಂದು ದೊಡ್ಡ ಮೀನು ಹೆಚ್ಚು ಹಿಡಿದರೆ ಹಲಗೆ ಅವಳದು. ರೆಜ್ ಅವಳ ಹೆಸರಿನ ಅಕ್ಷರ ಹೇಗೆ ಬರೆಯಬೇಕು ಎಂದು ಕೇಳಿದ. ಇಂಗ್ಲಿಷಿನಲ್ಲಿ ಬೋರಮ್ಮ ಎಂದು ಪೂರ್ತಿ ಬರೆದು ತೋರಿಸಿದೆ. ಅಮ್ಮ ಬಿಡಬೇಡ ಎಂದೆ.

ಅಕ್ಟೋಬರ್ ೩, ಶುಕ್ರವಾರ

ಇವತ್ತು ಮಹಾಲಯ ಅಮಾವಾಸ್ಯೆ. ಆಫೀಸಿಗೆ ರಜೆ ಹಾಕಿದೆ. ವರ್ಷ ತುಂಬುವ ತನಕ ಎಡೆ ಇಡಬಾರದು ಎನ್ನುವವರಿದ್ದಾರೆ, ನಮ್ಮ ಮನೆಯಲ್ಲಿ ಸತ್ತ ವರ್ಷವೇ ಇಡುವುದು ಎಂದು ಅಕ್ಕ ಹೇಳಿದ್ದಳು. ಬೆಳಿಗ್ಗೆಯಿಂದ ನಾನೇ ಮಾಡಿದೆ. ಮುದ್ದೆ, ಕೋಳಿ ಸಾರು, ಅನ್ನ, ಉದ್ದಿನ ವಡೆ. ವಡೆಗೆ ಅವಳು ಕುಂಡದಲ್ಲಿ ಬೆಳೆಸಿದ ಕರಿಬೇವನ್ನೇ ಕಿತ್ತು ಹಾಕಿದೆ. ಕಜ್ಜಾಯ ಎಣ್ಣೆಯಲ್ಲಿ ಒಡೆದುಹೋಯಿತು, ಚೂರನ್ನೇ ಇಟ್ಟೆ. ಬಾಳೆಯೆಲೆ ವಿಯೆಟ್ನಾಮಿನವರ ಅಂಗಡಿಯಲ್ಲಿ ಸಿಕ್ಕಿತು. ಫೋಟೋದ ಮುಂದೆ ಹೊಸ ಸೀರೆ ಇಟ್ಟು, ಎಲೆ ಬಡಿಸಿ, ಕಾಗೆಗೆ ಬೇರೆ ಎಲೆಯಲ್ಲಿ ತೆಗೆದು ಹಿತ್ತಿಲ ಬೇಲಿಯ ಮೇಲೆ ಇಟ್ಟೆ.

ಕಾಗೆ ಬಂದು ಮುಟ್ಟಿದರೆ ಸತ್ತವರು ಬಂದು ಉಂಡ ಹಾಗೆ. ಆಮೇಲೆ ಮನೆಯವರ ಊಟ. ನಾನು ಇದನ್ನೆಲ್ಲ ಬಹಳ ನಂಬುವವನಲ್ಲ. ಅಪ್ಪನಿಗೆ ಇಟ್ಟಾಗ ಕಾಗೆ ಬಂತೋ ಇಲ್ಲವೋ ನೆನಪೂ ಇಲ್ಲ. ಆದರೆ ಇವತ್ತು ಹಿತ್ತಿಲ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ನೀಲಿ ಹಕ್ಕಿಯೊಂದು ಬಂತು, ಅಟ್ಟಿದೆ. ಅಳಿಲು ಬಂತು, ಅಟ್ಟಿದೆ. ಒಂದು ಕಾಗೆ ಕರೆಂಟಿನ ತಂತಿಯ ಮೇಲೆ ಕೂತು ಎಲೆಯನ್ನು ನೋಡಿತು, ನನ್ನನ್ನು ನೋಡಿತು, ಹಾರಿಹೋಯಿತು. ಮತ್ತೆ ಬರಲಿಲ್ಲ. ಬಾರೇ ಎಂದು ಬಾಯಿಬಿಟ್ಟು ಕರೆದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ ನೋಡಿ ಒಳಗೆ ಹೋದರು.

ಅಕ್ಕನಿಗೆ ಫೋನು ಮಾಡಿದೆ. ಅಲ್ಲಿ ಇನ್ನೂ ರಾತ್ರಿ, ಪಕ್ಕದ ಮನೆಯವರು ಹೋಗಿ ಎಬ್ಬಿಸಿದರು.

"ಅವ್ಳಿಗೆ ಏನೋ ಆಸೆ ಉಳ್ಕಂಡದೆ ಕಣ್ಲಾ ನಂಜುಂಡ. ನೀರ್‌ಗಾರ ಬುಟ್ಟು ಬಾ. ಅವ್ಳು ಉಂಡ ಮ್ಯಾಲೆ ನೀನುಣ್ಣು."

ಏನು ಆಸೆ? ಹಲಗೆಯೇ ಇರಬೇಕು. ಇನ್ನೇನಿರುತ್ತದೆ.

ನೀರು ಎಂದರೆ ನನಗೆ ಗೊತ್ತಿರುವುದು ಒಂದೇ ನೀರು. ಸಂಜೆ ಎರಡೂ ಎಲೆಗಳನ್ನು ಜೋಪಾನವಾಗಿ ಕಾರಿನಲ್ಲಿಟ್ಟುಕೊಂಡು ಕೆರೆಗೆ ಹೋದೆ. ಗೇಟು ತೆರೆದಿತ್ತು. ರೆಜ್ ದೂರದಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಕೈ ಬೀಸಿದ. ಅವಳಿಗೆ ಇಷ್ಟವಾಗಿದ್ದ ವಿಲೋ ಮರದ ಬುಡದಲ್ಲಿ ಕೂತು ಎಡೆಯನ್ನೆಲ್ಲ ನೀರಿಗೆ ಬಿಟ್ಟೆ. ಅನ್ನ ಮುಳುಗಿತು. ವಡೆ ಸ್ವಲ್ಪ ಹೊತ್ತು ತೇಲಿ ಆಮೇಲೆ ಮುಳುಗಿತು. ಯಾರು ಉಂಡರು ಎಂದು ಹೇಗೆ ತಿಳಿಯಬೇಕು? ನಾನು ಉಣ್ಣದೆ ಬಂದು ಕೂತಿದ್ದೇನೆ. ನನ್ನ ಪಾಲಿನದು ಒಲೆಯ ಮೇಲೆ ಮುಚ್ಚಿಟ್ಟಿದೆ.

ಬೋರಿ, ನಾಳೆ ನಿನ್ನ ಹೆಸರು ಬರೆಸುತ್ತೇನೆ. ಆಗಲಾದರೂ ಬಾ.

ಅಕ್ಟೋಬರ್ ೪, ಶನಿವಾರ

ಕೈ ಇನ್ನೂ ಮೀನಿನ ವಾಸನೆ ಹೊಡೆಯುತ್ತಿದೆ. ತೊಳೆದುಕೊಂಡಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಚೀಟಿಯಲ್ಲಿ ನನಗೆ ಬಂದದ್ದು ವಿಲೋ ಮರದ ಪಕ್ಕದ ಗೂಟ. ಕಾರ್ವಾಲ್ಯೊಗೆ ಎದುರು ದಂಡೆ. ಅವನು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಮದುವೆಗೆ ಬಂದವನ ಹಾಗೆ. ಸೀಟಿ ಊದಿತು. ಬೆಂಡು ನೆಟ್ಟಗೆ ನಿಲ್ಲುವುದಕ್ಕೂ ಮುಂಚೆ ಮುಳುಗಿತು. ಗೆಂಡೆ. ಬಿಡಿಸಿ ಚೀಲಕ್ಕೆ ಹಾಕಿ ಮತ್ತೆ ಬಿಟ್ಟೆ, ಮತ್ತೆ ಗೆಂಡೆ. ನನ್ನ ಇಷ್ಟು ದಿನದ ಪಂದ್ಯಗಳಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಕೆಸರು ಅಡಿಯಿಂದ ಮೇಲಕ್ಕೆ ಏಳುತ್ತಿತ್ತು, ನೀರು ಕುದಿಯುವ ಎಸರಿನ ಹಾಗೆ ಗುಳ್ಳೆಯಾಡುತ್ತಿತ್ತು. ಎದುರು ದಂಡೆಯಲ್ಲಿ ಕಾರ್ವಾಲ್ಯೊ ಸುಮ್ಮನೆ ಕೂತಿದ್ದ. ರೆಜ್ ಹಿಂದಿನಿಂದ ಬಂದು ಚೀಲ ಇಣುಕಿ, ಇನ್ನು ನೀನು ನಿದ್ದೆ ಮಾಡಿದರೂ ಅವಳದೇ ಹಲಗೆ ಎಂದು ಮೆಲ್ಲಗೆ ಹೇಳಿ ಹೋದ. ಹೊಟ್ಟೆಯಲ್ಲಿ ಏನೂ ಇಲ್ಲದೆ ತಲೆ ತಿರುಗುತ್ತಿತ್ತು.

ಆಮೇಲೆ ಒಂದು ಮೀನು ಗಾಳ ಬಿಡಿಸುವ ಚಾಪೆಯ ಮೇಲೆ ಬಾಯಿ ತೆರೆದಾಗ ಬಿಳಿಯದೇನೋ ಕಕ್ಕಿತು. ಅನ್ನದ ಅಗುಳು. ಯಾರೋ ಅನ್ನ ಎರಚಿರಬೇಕು ಅಂದುಕೊಂಡೆ. ಎಷ್ಟು ದಡ್ಡ ನಾನು. ಅದನ್ನು ಚೀಲಕ್ಕೆ ಹಾಕಿ ಇನ್ನೊಂದನ್ನು ಎಳೆದೆ. ಅದು ಎಲ್ಲಕ್ಕಿಂತ ದೊಡ್ಡದು, ಹೆಣ್ಣು, ತುಂಬಿದ ಹೊಟ್ಟೆ. ಗಾಳ ಬಿಡಿಸಲು ತುಟಿ ಸರಿಸಿದಾಗ ಒಳಗೆ ಒಂದು ಕರಿಬೇವಿನ ಎಲೆ ಅಂಟಿತ್ತು.

ಈ ಕೆರೆಯ ಸುತ್ತ ಕರಿಬೇವು ಏನೆಂದು ಬಲ್ಲವನು ನಾನೊಬ್ಬನೇ. ಅದು ಅವಳ ಕುಂಡದ ಎಲೆ, ನಾನು ಹಾಕಿದ ವಡೆಯದು.

ಬಂದಿದ್ದಳು. ಉಂಡಿದ್ದಳು. ಬೇಲಿಯ ಮೇಲೆ ಇಟ್ಟದ್ದು ಬೇಡವಾಗಿ ಇಲ್ಲಿಗೆ ಬಂದು, ತನ್ನ ಜಾಗದಲ್ಲಿ ಕೂತು, ನಾನು ಮಾಡಿದ ಕೆಟ್ಟ ವಡೆಯನ್ನೂ ಒಡೆದ ಕಜ್ಜಾಯವನ್ನೂ ಉಂಡಿದ್ದಳು. ಆ ಬಾಯಿಗೆ ನಾನು ಗಾಳ ಹಾಕಿ ಎಳೆದಿದ್ದೆ. ತುಟಿಯಲ್ಲಿ ಒಂದು ಹನಿ ರಕ್ತವಿತ್ತು.

ಮೀನನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತೆನೋ. ಬುದ್ಧಿ ಸುಮ್ಮನಿರಲಿಲ್ಲ. ಹಿಂದಿನ ದಿನ ನೀರಿಗೆ ಏನೂ ಹಾಕಬಾರದೆಂಬ ನಿಯಮ ಇಲ್ಲಿಲ್ಲ. ಮೋಸವೇನೂ ಆಗಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸೀಟಿ ಊದುತ್ತದೆ, ರೆಜ್ ತೂಗುತ್ತಾನೆ, ಹೇಗೂ ಎಲ್ಲವೂ ನೀರಿಗೇ ಹೋಗುತ್ತವೆ. ಅಷ್ಟು ಹೊತ್ತು ತಾಳಿದರೆ ಅವಳ ಹೆಸರು ಹಲಗೆಯ ಮೇಲೆ ಬರುತ್ತದೆ. ಹೀಗೆಲ್ಲ ಹೇಳಿಕೊಂಡು ಆ ಮೀನನ್ನೂ ಚೀಲಕ್ಕೆ ಬಿಟ್ಟೆ. ಗಾಳಕ್ಕೆ ಹೊಸ ಮುದ್ದೆಯನ್ನೂ ಮೆತ್ತಿದೆ. ಕೈ ಮೇಲಕ್ಕೆ ಏಳಲಿಲ್ಲ.

ಎಡೆ ಮುಟ್ಟಲು ಬಂದ ಕಾಗೆಯನ್ನು ಹಿಡಿದು ಯಾರಾದರೂ ಪಂಜರಕ್ಕೆ ಹಾಕುತ್ತಾರೆಯೇ? ತಕ್ಕಡಿಯ ಕೊಕ್ಕೆಗೆ ನೇತುಹಾಕುತ್ತಾರೆಯೇ? ಅದೂ ಅವಳ ಹೆಸರು ಬರೆಸುವುದಕ್ಕೆ.

ನೀರಿಗಿಳಿದೆ. ಚೀಲದ ಬಾಯನ್ನು ಮುಳುಗಿಸಿ ಅಗಲ ಮಾಡಿ ಹಿಡಿದೆ. ಮೊದಲು ಒಂದೂ ಹೋಗಲಿಲ್ಲ. ಆಮೇಲೆ ಒಂದು ಹೋಯಿತು, ಅದರ ಹಿಂದೆ ಉಳಿದವು. ದೊಡ್ಡದು ಕೊನೆಗೆ ನನ್ನ ಮೊಣಕಾಲನ್ನು ಸವರಿಕೊಂಡು ಹೋಯಿತು. ಚೀಲ ಕೈಯಲ್ಲಿ ಹಗುರಾಯಿತು.

ಎದುರು ದಂಡೆಯಲ್ಲಿ ಕಾರ್ವಾಲ್ಯೊ ಎದ್ದು ನಿಂತಿದ್ದ. ರೆಜ್ ಬಿರಬಿರನೆ ಬಂದ. ಚೀಲ ಹರಿದಿದೆಯೇ ಎಂದು ಕೇಳಿದ. ಇಲ್ಲ, ನಾನೇ ಬಿಟ್ಟೆ ಎಂದೆ. ಯಾಕೆ ಎಂದು ಕೇಳಿದ. ನೆನ್ನೆ ಸಂಜೆ ನಾನು ತಂದದ್ದು ನನ್ನ ಹೆಂಡತಿಯ ಊಟ, ಅವಳು ಉಂಡಿದ್ದಾಳೆ, ಉಂಡವಳನ್ನು ತೂಗಲಾರೆ ಎಂದೆ. ಇಂಗ್ಲಿಷಿನಲ್ಲಿ ಅದು ಹೇಗೆ ಕೇಳಿಸಿತೋ ಗೊತ್ತಿಲ್ಲ. ಅವನು ನನ್ನ ಒದ್ದೆ ಪ್ಯಾಂಟನ್ನೂ ಖಾಲಿ ಚೀಲವನ್ನೂ ನೋಡಿದ.

ಹಾಗಾದರೆ ಅವಳ ಹೆಸರು ಬರೆಯಲಾಗುವುದಿಲ್ಲ, ತೂಕವಿಲ್ಲದೆ ನಾನು ಏನೂ ಮಾಡಲಾರೆ ಎಂದ. ಗೊತ್ತು ಎಂದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನ ಪಕ್ಕದಲ್ಲೇ ನಿಂತ. ಸೀಟಿ ಊದುವ ಹೊತ್ತು ಮೀರಿದ್ದು ಅವನಿಗೆ ತಿಳಿಯಲೇ ಇಲ್ಲ.

ಮನೆಗೆ ಬಂದು ಜಯಂತಿಗೆ ಫೋನು ಮಾಡಿದೆ. ಆಗಸ್ಟಿನ ಜಗಳದ ಮೇಲೆ ನಾವು ಹವಾಮಾನದ ಮಾತು ಬಿಟ್ಟು ಬೇರೆ ಆಡಿರಲಿಲ್ಲ.

"ಅಮ್ಮ ಉಂಡ್ಲು ಕಣವ್ವ," ಎಂದೆ.

ಹುಚ್ಚು ಹಿಡಿದಿದೆ ಅಂದುಕೊಳ್ಳುತ್ತಾಳೆ ಎಂದು ಕಾದೆ. ಅವಳು ಒಂದೊಂದೇ ಕನ್ನಡದ ಮಾತು ಹುಡುಕಿ ಕೇಳಿದಳು.

"ಏನು... ಏನು ತಿಂದ್ಲು ಅಮ್ಮ?"

ಎಲ್ಲ ಹೇಳಿದೆ, ಮುದ್ದೆಯಿಂದ ಕಜ್ಜಾಯದ ಚೂರಿನವರೆಗೆ. ಹಲಗೆ ಹೋದದ್ದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಮೇ ತಿಂಗಳಿನಿಂದ ಅತ್ತಿರಲಿಲ್ಲ. ಅವಳು ಕಾರು ತೆಗೆದುಕೊಂಡು ಬಂದಳು. ನೆನ್ನೆಯ ಸಾರನ್ನು ಬಿಸಿ ಮಾಡಿದೆ. ಜಯಂತಿ ತಟ್ಟೆ ಇಟ್ಟಳು, ಮುದ್ದೆಯನ್ನು ಅಗಿಯದೆ ನುಂಗಿದಳು. ನಾನೂ ಉಂಡೆ. ಬಹಳ ಹಸಿವಾಗಿತ್ತು.

ಅಕ್ಟೋಬರ್ ೧೮, ಶನಿವಾರ

ಹಲಗೆಗೆ ಹೆಸರು ಬರೆಯುವ ದಿನ. ಹೋಗಬಾರದು ಅಂದುಕೊಂಡವನು ಹೋದೆ. ಕಾರ್ವಾಲ್ಯೊ ನನ್ನನ್ನು ಪಕ್ಕಕ್ಕೆ ಕರೆದು, ತನ್ನ ಹೆಸರಿನ ಕೆಳಗೆ ಅವಳದನ್ನೂ ಬರೆಸೋಣ ಎಂದ. ಬೇಡ ಎಂದೆ. ಅವನು ತೂಕ ತೋರಿಸಿ ಗೆದ್ದವನು. ಪೇಂಟರು ಹತ್ತಿದ ಏಣಿ ಅಲ್ಲಾಡುತ್ತಿತ್ತು, ಹಿಡಿದುಕೋ ಎಂದು ರೆಜ್ ಹೇಳಿದ. ಹಿಡಿದುಕೊಂಡೆ. ಅವಳದಾಗಬೇಕಿದ್ದ ಸಾಲಿನಲ್ಲಿ ಒಂದೊಂದೇ ಅಕ್ಷರವಾಗಿ ಕಾರ್ವಾಲ್ಯೊನ ಹೆಸರು ಮೂಡುವವರೆಗೆ ಅಲ್ಲೇ ನಿಂತಿದ್ದೆ. ಎದೆ ಹಿಂಡಿತು. ಹಿಂಡಲಿಲ್ಲ ಎಂದು ಈ ಪುಸ್ತಕದಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು.

ಮುಂದಿನ ಏಪ್ರಿಲ್‌ನಿಂದ ನಿನ್ನ ಹೆಸರಿನಲ್ಲೇ ಕೂರುತ್ತೀಯಾ ಎಂದು ರೆಜ್ ಕೇಳಿದ. ಆ ನೀರಿಗೆ ಇನ್ನು ಗಾಳ ಹಾಕಲಾರೆ ಎಂದೆ. ಅವನು ತಲೆಯಾಡಿಸಿದ. ಶೆಡ್ಡಿನ ಬಾಗಿಲು ದಾಟಿದವನು ತಿರುಗಿ ಬಂದು, ತೂಗಿದ ಮೇಲೆ ಮೀನುಗಳನ್ನು ನೀರಿಗೆ ಬಿಡುವ ಕೆಲಸ ಯಾರದು ಎಂದು ಕೇಳಿದೆ. ಯಾರದೂ ಅಲ್ಲ, ಅವರವರೇ ಸುರಿಯುತ್ತಾರೆ ಎಂದ. ಹಾಗಾದರೆ ಅದನ್ನು ನನಗೆ ಕೊಡು ಎಂದೆ. ಕೊಟ್ಟ.

ಅವುಗಳಲ್ಲಿ ಅವಳು ಯಾವುದು ಎಂದು ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲವನ್ನೂ ಮೆಲ್ಲಗೆ ಬಿಡಬೇಕು.